ಜಿಡ್ಡಿನ ಮೇಡಂ

ಹೋಟೆಲಿನವರು ನನಗಿಟ್ಟ ಹೆಸರು ಅದು.
ನೇಮಕಾತಿ ಪತ್ರದಲ್ಲಿ ಬೇರೆಯಿದೆ:
ಕಿರಿಯ ಆರೋಗ್ಯ ನಿರೀಕ್ಷಕಿ, ಮಡಿಕೇರಿ ನಗರಸಭೆ.
ಕೈಯಲ್ಲೊಂದು ಬಿದಿರುಕೋಲು, ಅದರ ಮೇಲೆ
ಉಗುರುಬಣ್ಣದಲ್ಲಿ ನಾನೇ ಎಳೆದ ಅಂಗುಲದ ಗೆರೆ.
ಎಲ್ಲ ಕಡೆಗೂ ಹಿಂಬಾಗಿಲಿನಿಂದಲೇ ಹೋಗುತ್ತೇನೆ.
ಮುಂದಿನ ಬೋರ್ಡಿನಲ್ಲಿ ಏನಿದೆಯೋ ಗೊತ್ತಿಲ್ಲ;
ಹಿಂದಿನ ತೊಟ್ಟಿಗೆ ಕೋಲು ಅದ್ದಿ ಹೇಳಬಲ್ಲೆ
ನಿನ್ನೆ ಏನು ಕರಿದರು, ಎಷ್ಟನೇ ಸಲದ ಎಣ್ಣೆಯಲ್ಲಿ.

ಜನವರಿ, ಬೆಳಗಿನ ಆರು ಗಂಟೆ.
ಮಹದೇವಪೇಟೆಯ ತಿರುವಿನಲ್ಲಿ ಮ್ಯಾನ್‌ಹೋಲು ಉಕ್ಕಿದೆ.
ಪಳನಿ ಕೊಕ್ಕೆ ಹಾಕಿ ಮುಚ್ಚಳ ಎತ್ತಿದ.
ಬೀಗರೂಟದ ಮರುದಿನ ತೊಳೆಯದೆ ಬಿಟ್ಟ ಹಂಡೆಯ ಹಾಗೆ
ಬೆಳ್ಳಗೆ, ಗಟ್ಟಿಯಾಗಿ.
ಹಂದಿಯ ನೆಣ, ಪರೋಟದ ಡಾಲ್ಡಾ,
ಕೋಳಿ ಕರಿದ ಎಣ್ಣೆ, ಯಾರದೋ ನಾಮಕರಣದ ತುಪ್ಪ,
ಮೇಲೆ ಬೆರೆಯದವೆಲ್ಲ ಕೆಳಗೆ ಒಂದೇ ಜಾತಿಯಾಗಿ
ಕೊಳವೆ ತುಂಬ ಕೂತಿವೆ.
"ಇಳಿಯಲಾ?" ಎಂದ ಪಳನಿ.
ಅವನಪ್ಪ ಇಳಿಯುತ್ತಿದ್ದ. ಅವನ ಕೆಮ್ಮು ನನಗೆ ನೆನಪಿದೆ.
"ಇಳಿದರೆ ನಿನ್ನ ಹಾಜರಿ ಹಾಕುವುದಿಲ್ಲ."
ಯಂತ್ರ ಮೈಸೂರಿನಿಂದ ಬರಬೇಕು.
ಅಲ್ಲಿಯವರೆಗೆ ಊರಿನ ಹೊಟ್ಟೆಯೊಳಗಿನದು ರಸ್ತೆಯ ಮೇಲೆ,
ಶಾಲೆಯ ಮಕ್ಕಳು ಮೂಗು ಮುಚ್ಚಿ ಜಿಗಿದರು.

ಇಳಿಜಾರಿನ ಊರು, ಯಾಕೆ ಕಟ್ಟಿಕೊಳ್ಳುತ್ತದೆ?
ಸಭೆಯಲ್ಲಿ ಕೇಳುತ್ತಾರೆ.
ಬಿಸಿಯಿರುವಾಗ ಎಣ್ಣೆ ಬಹಳ ವಿನಯದಿಂದ ಇಳಿಯುತ್ತದೆ, ಸ್ವಾಮಿ.
ನಾಲ್ಕು ಮಾರು ದಾಟಿ ನಮ್ಮ ಚಳಿ ತಾಕಿತೋ
ಅಲ್ಲೇ ಗೋಡೆಗೆ ಒರಗುತ್ತದೆ,
ಮೊದಲು ಕಾಗದದಷ್ಟು,
ಆಮೇಲೆ ಅಕ್ಕಿರೊಟ್ಟಿಯಷ್ಟು,
ಆಮೇಲೆ ನಮ್ಮ ಕಚೇರಿಯ ಕಡತದಷ್ಟು.
ಉಳಿದದ್ದು ತೋಡು ಸೇರಿ, ಕಲ್ಲಿಂದ ಕಲ್ಲಿಗೆ ಬಿದ್ದು ನೊರೆಯಾದಾಗ
ಪ್ರವಾಸಿಗರು ಹಾಲಿನ ಹಾಗಿದೆ ಎಂದು ಫೋಟೋ ತೆಗೆಯುತ್ತಾರೆ.

ಮೊಯ್ದು ಕಾಕನ ಅಂಗಡಿಯಲ್ಲಿ ತೊಟ್ಟಿಯಿದೆ,
ಅದರ ಮೇಲೆ ಈರುಳ್ಳಿ ಮೂಟೆಯಿದೆ.
ಗುಡ್ಡದ ಹೊಸ ಹೋಂಸ್ಟೇಯಲ್ಲಿ ತೊಟ್ಟಿಯಿರುವುದು ನಕ್ಷೆಯಲ್ಲಿ.
"ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಮ್ಮ" ಎಂದರು ಕಮಿಷನರು,
ತಾವೇನು ಹೇಳಿದೆವೆಂದು ತಿಳಿಯದೆ.
ಪಳನಿ ಮಾತ್ರ ನಕ್ಕ.

ಬಸ್‌ಸ್ಟ್ಯಾಂಡಿನ ಕೆಳಗೆ, ಎಂಟು ಕುರ್ಚಿಯ ಹೋಟೆಲು ದೇಚವ್ವನದು.
ಬಚ್ಚಲಿನ ನೀರಿಗೆ ಕೋಲು ಅದ್ದಿದೆ.
ಎತ್ತಿದರೆ ಒಣ ಬಿದಿರು, ಬರೀ ನೀರಿನ ಗುರುತು.
ದಿನಕ್ಕೆ ಹತ್ತು ಕಿಲೋ ಹಂದಿ ಬೇಯುವ ಮನೆ!
"ನೆಣ ಎಲ್ಲಿ?"
ಕೈ ಒರೆಸಿಕೊಂಡು ಉಗ್ರಾಣದ ಕದ ತೆಗೆದರು.
ಸಾಲಾಗಿ ಭರಣಿಗಳು. ನಲವತ್ತೊಂದು.
"ಬಾಣಲೆಗೆ ತೌಡು ಹಾಕಿ ಒರೆಸುತ್ತೇನೆ, ಅದು ಹಸುವಿಗಲ್ಲ, ಒಲೆಗೆ.
ಮಿಕ್ಕಿದ್ದು ಆರಿಸಿ ಇದಕ್ಕೆ.
ಅತ್ತೆಯ ಕಾಲದಲ್ಲಿ ಕೋವಿಗೆ ಹಚ್ಚುತ್ತಿದ್ದೆವು,
ಚಕ್ಕಡಿಯ ಅಚ್ಚಿಗೆ, ಗಂಡಸರ ಬೆಲ್ಟಿಗೆ, ಬಿರಿದ ಹಿಮ್ಮಡಿಗೆ.
ಈಗ ಕೋವಿ ಕೈಲ್ ಮುಹೂರ್ತಕ್ಕೆ ಒಂದು ದಿನ ಹೊರಗೆ ಬರುತ್ತದೆ,
ಹಿಮ್ಮಡಿಗೆ ಟ್ಯೂಬು ಬಂದಿದೆ."
ಪಳನಿಯ ಕೈ ನೋಡಿ, ಕೇಳದೆಯೇ,
ಅಡಗಿಸಿಟ್ಟ ಶೀಶೆಯಿಂದ ಎರಡು ಹನಿ ಕಾಚಂಪುಳಿ ಸುರಿದರು.
"ತಿಕ್ಕು, ಬಿಡುತ್ತೆ."
ಆಮೇಲೆ ನನ್ನ ನೋಟೀಸು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು:
"ಸುರಿಯಬೇಡಿ ಅಂತ ಬರೆದಿದ್ದೀರಿ, ಸರಿ.
ಎಲ್ಲಿಡಬೇಕು ಅಂತ ಯಾವ ಪುಟದಲ್ಲಿದೆ?"

ಹಿಂಬದಿ ಖಾಲಿಯಿತ್ತು.

ಒಂದು ಭರಣಿ ಹೊತ್ತು ಬಂದೆ, ಸ್ಕೂಟರಿನ ಕಾಲಬುಡದಲ್ಲಿ.
ಇಂಜಿನ್ನಿನ ಬಿಸಿಗೆ ಅಂಚು ಕರಗಿ
ರಾಜಾಸೀಟಿನ ಏರಿನಲ್ಲಿ ನನ್ನ ಚಪ್ಪಲಿಗೆ ಜಿನುಗಿತು.
ರಾತ್ರಿ ಬೋಂಡ ಕರಿದ ಬಾಣಲೆ ಹಿಡಿದು
ಸಿಂಕಿನ ಮುಂದೆ ಬಹಳ ಹೊತ್ತು ನಿಂತಿದ್ದೆ.
ಗೀಸರಿನ ಬಿಸಿನೀರು ಬಿಟ್ಟರೆ ಎರಡು ನಿಮಿಷದ ಕೆಲಸ.
ನಿನ್ನೆಯವರೆಗೂ ಹಾಗೇ ಮಾಡಿದ್ದು, ನಾನೂ.

ಬೆಳಗ್ಗೆ ಕಡತದಲ್ಲಿ ಟಿಪ್ಪಣಿ ಬರೆದೆ:
ಭರಣಿ ನಲವತ್ತು, ದೇಚವ್ವನ ಉಗ್ರಾಣದಲ್ಲಿ.
ಒಂದು, ನನ್ನ ಕಿಟಕಿಯಲ್ಲಿ.
ಸಂಗ್ರಹಕ್ಕೆ ಗಾಡಿ ಬೇಕು, ವಾರಕ್ಕೊಮ್ಮೆಯಾದರೂ.
ಮೇಲಿನಿಂದ ಹಸಿರು ಶಾಯಿಯಲ್ಲಿ ಬಂತು: ಪರಿಶೀಲಿಸಿ.

ಪರಿಶೀಲಿಸುತ್ತಿದ್ದೇನೆ.
ಹಿಮ್ಮಡಿಯ ಬಿರುಕು ಮಾತ್ರ ಕೂಡಿಕೊಳ್ಳುತ್ತಿದೆ.