ಲಘು

ನನ್ನ ಕೆಲಸ ಬಡದು ಕೇಳೋದು.
ಉದ್ಯಮಬಾಗದ ಎರಡನೇ ಶೆಡ್ಡಿನ್ಯಾಗ, ಬಾಗಲದ ಬಲಕ್ಕ,
ಕಾಲುಕಿಲೋ ಸುತ್ತಿಗಿ ಹಿಡದು ಹನ್ನೊಂದು ವರ್ಷ ಆತು.
ಮರಳು ಝಾಡಿಸಿ, ಗ್ರೈಂಡರಿನ ಕಿಡಿ ಆರಿದ ಮ್ಯಾಲ
ಒಂದೊಂದ ನನ್ನ ಮೇಜಿಗೆ ಬರತಾವ,
ಎರಕೊಂಡು ಬಂದ ಕೂಸಿನಂಗ, ಇನ್ನೂ ಬೆಚ್ಚಗ.
ಬಡಿತೀನಿ.
ಟಣ್ಣ್ ಅಂದ್ರ ಹಳದಿ ಬೊಟ್ಟು.
ಬದ್ ಅಂದ್ರ ಒಳಗ ಸೀಳೈತಿ, ಮತ್ತ ಭಟ್ಟಿಗೆ.
ಕಣ್ಣು ಮೋಸ ಹೋಗತೈತಿ, ಕಿವಿ ಹೋಗೂದಿಲ್ಲ ಅಂತ
ಪುಂಡಲೀಕ ಬಡಿಗೇರ ಕಲಿಸಿದ್ದು.

ಪುಂಡಲೀಕ ಪ್ಯಾಟರ್ನ್ ಮಾಡಾಂವ. ಸಾಗವಾನಿಯೊಳಗ
ಅಂವ ಕೆತ್ತಿದ ಅಚ್ಚು, ಅಚ್ಚಿನ ಮ್ಯಾಲ ನಂಬರ.
ಏಳರ ನಡಕ್ಕೊಂದು ಅಡ್ಡಗೀಟು ಎಳಿತಿದ್ದ:
"ಇಲ್ಲಾಂದ್ರ ಒಂದು ಅಂತ ತಿಳಿತಾರ, ತಂಗಿ."

ಹೋದ ವರ್ಷ ದೊಡ್ಡ ಆರ್ಡರ್ ಬಂತು, ಹೊರದೇಶದ್ದು.
ಮಾಲಕರು ಎಲ್ಲಾರಿಗೂ ಕುಂದಾ ಹಂಚಿದರು.
ಕಾಗದದಾಗ ಬರೇ 'ಭಾಗ' ಅಂತಿತ್ತು.
ಯಾತರ ಭಾಗ ಅಂತ ಯಾರೂ ಕೇಳಲಿಲ್ಲ.
ನಾನೂ ಕೇಳಲಿಲ್ಲ. ಬಾಯಾಗ ಕುಂದಾ ಇತ್ತು.

"ನಾವು ಡಬ್ಬಿ ಮಾಡತೀವಿ, ತುಂಬಾವರು ಬ್ಯಾರೆ,
ಹಾರಸಾವರು ಇನ್ನೂ ಬ್ಯಾರೆ" ಅಂದರು ಸೂಪರ್‌ವೈಜರ ಹಳ್ಯಾಳಕರ,
ಎಣ್ಣಿ ಬಟ್ಟಿಲೆ ಕೈ ಒರಸಿಕೋತ.

ಶ್ರಾವಣದಾಗ ಒಂದು ಮಧ್ಯಾಹ್ನ ಫೋನಿಗೆ ಫೋಟೋ ಬಂತು.
ಹೆಸರು ಅನ್ನಾಕ ನಾಲಿಗಿ ಹೊರಳದ ಊರು.
ಕುಸಿದ ರೊಟ್ಟಿ ಅಂಗಡಿ, ಹಿಟ್ಟಿನ ಹರಿವಾಣದಾಗ ಒಂದು ಚೂರು ಕಬ್ಬಿಣ,
ಅದರ ಮ್ಯಾಲ ಅರ್ಧ ಅಂಕಿ.
ಪುಂಡಲೀಕ ಬೆರಳಿಲೆ ದೊಡ್ಡದು ಮಾಡಿದ,
ಇನ್ನೂ ದೊಡ್ಡದು ಮಾಡಿದ, ಅಂಕಿ ಒಡದು ಚೌಕಚೌಕ ಆತು.
ಅಡ್ಡಗೀಟೋ, ಬರೇ ಬಿರುಕೋ,
ಇವತ್ತಿಗೂ ನಾನು ಆಣಿ ಮಾಡಿ ಹೇಳಲಾರೆ.
ಅಂವ ಮಾತ್ರ ಊಟದ ಡಬ್ಬಿ ಮುಚ್ಚಿ ಎದ್ದ.

ರಾತ್ರಿ ಟೀವಿಯೊಳಗ:
ಆ ದೇಶ ನಮ್ಮ ಗೆಳೆಯ. ಈ ದೇಶಾನೂ ಗೆಳೆಯ.
ಎರಡೂ ಕಡೆಯವರು ಸಂಯಮ ತೋರಬೇಕು.
ಆಮ್ಯಾಲ ರಫ್ತಿನ ಲೆಕ್ಕ, ಮ್ಯಾಲಕ್ಕೇರೋ ಬಾಣ, ಹಿಂದ ತುತ್ತೂರಿ.
ಎದ್ದು ಹೋಗಿ ಉಗುರಿಲೆ ಗಾಜು ಬಡದೆ.
ಬದ್.

ಚೆನ್ನಮ್ಮ ಸರ್ಕಲ್ಲಿನ್ಯಾಗ ಹದಿನಾರು ಮಂದಿ ನಿಂತಿದ್ದರು.
ಪುಂಡಲೀಕನ ರಟ್ಟಿನ ಮ್ಯಾಲ ಎರಡೇ ಶಬ್ದ: ಯಾತರ ಭಾಗ?
ಅಕ್ಷರ ಚಂದ ಇದ್ದವು, ಕೆತ್ತಿದಂಗ.
ವ್ಯಾನು ಬಂತು.
ಮರುದಿನ ಪೇಪರಿನ ಐದನೇ ಪುಟದಾಗ:
"ದೇಶದ ಹಿತಕ್ಕೆ ಧಕ್ಕೆ ತರಲು ಯತ್ನ.
ಪೊಲೀಸರಿಂದ ಲಘು ಬಲಪ್ರಯೋಗ."

ಲಘು.
ಎಂಟನೇ ಇಯತ್ತೆಯೊಳಗ ಸನದಿ ಮಾಸ್ತರು ಕಲಿಸಿದ್ದರು,
ಬೋರ್ಡಿನ ಮ್ಯಾಲ ಸಣ್ಣ ಬಟ್ಟಲ ಬರದು:
ಲಘು ಅಂದ್ರ ಒಂದು ಮಾತ್ರೆ. ಗುರು ಅಂದ್ರ ಎರಡು.
ಪುಂಡಲೀಕಗ ದಿನಕ್ಕ ಮೂರು ಮಾತ್ರೆ,
ಊಟ ಆದ ಮ್ಯಾಲ, ನೀರಿನ ಸಂಗಾಟ.
ಬಲಗೈಯ ಮೂರು ಬೆರಳು ಮಡಚೂದಿಲ್ಲ,
ಉಳಿ ಹಿಡಿಯೋ ಬೆರಳು.
ಪ್ರಸ್ತಾರ ಹಾಕಿದರ ಇದು ಯಾವ ಗಣ, ಮಾಸ್ತರ?

ಅಂವ ಕೆತ್ತಿದ ಅಚ್ಚು ಇನ್ನೂ ನಡದೈತಿ.
ಇವತ್ತ ನಾಕ್ನೂರ ಹನ್ನೆರಡು ಬಂದವು. ಬಡದೆ.
ಎಲ್ಲಾ ಟಣ್ಣ್. ಗುಡಿ ಗಂಟಿಯಂಗ.
ಸೀಳಿಲ್ಲ, ಬುಗ್ಗಿಲ್ಲ. ಅದೇ ಕಷ್ಟ.
ಒಂದಕ್ಕ ಬೊಟ್ಟಿಡಲಿಲ್ಲ. ಯಾವುದಾರ ಒಂದು.
ರಿಜೆಕ್ಟ್ ಬುಕ್ಕಿನ 'ಕಾರಣ'ದ ಮನ್ಯಾಗ
ದನಿ ಸರಿ ಇಲ್ಲ ಅಂತ ಬರದೆ.
ಹಳ್ಯಾಳಕರ ಬಂದು ತಾವೂ ಬಡದರು, ಕಿವಿ ಹಚ್ಚಿದರು,
ನನ್ನ ಮಾರಿ ನೋಡಿದರು,
ಏನೂ ಅನದ ಸಹಿ ಮಾಡಿದರು.

ಸಂಜಿಕ ಅದು ಭಟ್ಟಿಗೆ ಬಿತ್ತು.
ಗೊತ್ತೈತಿ, ಕಬ್ಬಿಣ ಸಾಯೂದಿಲ್ಲ,
ನಾಳೆ ಅದೇ ಅಚ್ಚಿನ್ಯಾಗ ಕೂತು
ಮತ್ತ ನನ್ನ ಮೇಜಿಗೇ ಬರತೈತಿ.
ಮೂರನೇ ಗೇಟಿನ್ಯಾಗ ರೈಲು ದಾಟಲಿ ಅಂತ ನಿಂತಾಗ
ಲೆಕ್ಕ ಹಾಕಿದೆ:
ನಾಕ್ನೂರ ಹನ್ನೊಂದು ಹೋದವು.