ಪ್ರಶ್ನೆ ಹದಿನಾಲ್ಕು

ಸಿದ್ದಾಪುರದ ಸಂತೆಯ ದಿನ, ಠಾಣೆಯ ಎದುರು
ಅಸ್ಸಾಮಿನವರ ಸಾಲು.
ಕೈಯಲ್ಲಿ ಆಧಾರ್, ಕವರಿನೊಳಗೆ ಇನ್ನೊಂದು ಕವರು.
ನನ್ನ ಕೈಯಲ್ಲೂ ಕಾಗದವೇ:
ಪೊಲೀಸರು, ಸಮುದಾಯಗಳು, ಬಹುತ್ವ;
ನಲವತ್ತೆರಡು ಪ್ರಶ್ನೆ, ಗೈಡಿನ ಸಹಿ,
ಎಸ್ಪಿ ಕಚೇರಿಯ ಮೊಹರು.
ಮೊಹರು ಕಂಡ ಮೇಲೆ ಯಾರೂ
ಮೊದಲಿನ ದನಿಯಲ್ಲಿ ಮಾತಾಡಲಿಲ್ಲ.

ಬರ್ಪೇಟಾದ ಮಫೀಜುದ್ದೀನ್ ಎಲ್ಲಕ್ಕೂ ಐದು ಎಂದ.
ನಂಬಿಕೆ? ಐದು. ನ್ಯಾಯ? ಐದು.
ಎರಡು ಮಾರು ದೂರದಲ್ಲಿ ಪೇದೆ
ಕಿತ್ತಳೆ ಸುಲಿಯುತ್ತ ನಿಂತಿದ್ದ.
‘ಐದೇ ಬರೀರಿ ದೀದಿ.’

ತೋಟದ ನಾಣಯ್ಯನವರು ಕಾಫಿ ಕೊಟ್ಟರು,
ಗೋಡೆಯ ಕೋವಿಯ ವಂಶಾವಳಿ ಹೇಳಿದರು.
‘ಪೊಲೀಸರಾ? ಫೋನು ಮಾಡಿದರೆ ಬರ್ತಾರೆ.’
ಯಾತಕ್ಕೆ ಮಾಡ್ತೀರಿ ಅಂದೆ.
‘ಲೈನಿನವರದ್ದು ಏನಾದರೂ ಇದ್ದೇ ಇರುತ್ತಲ್ಲ.’

ಲೈನಿನಲ್ಲಿ ಚೋಮಿ. ಹಣ್ಣು ಕೊಯ್ದ ಕೈ ಇನ್ನೂ ಅಂಟು.
ಸಮ್ಮತಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದಳು,
ಶಾಯಿ ಬೇಕಾಗಲಿಲ್ಲ.
ಎರವ ಮಾತಿಗೆ ತಿರುಗಿಸಲು
ಮೊಮ್ಮಗಳು ಜಾನು, ಒಂಬತ್ತನೇ ಕ್ಲಾಸು.
ಪ್ರಶ್ನೆ ಹದಿನಾಲ್ಕು:
ನಿಮ್ಮ ಪ್ರದೇಶದ ಪೊಲೀಸರ ಮೇಲೆ ನಿಮಗಿರುವ ವಿಶ್ವಾಸವನ್ನು
ಒಂದರಿಂದ ಐದರ ಅಳತೆಯಲ್ಲಿ ಸೂಚಿಸಿ.
ಹುಡುಗಿ ಎರಡೇ ಪದದಲ್ಲಿ ಕೇಳಿ ಮುಗಿಸಿದಳು.
ಏನು ಕೇಳಿದೆ?
‘ಹೆದರಿಕೆ ಆಗ್ತದಾ ಅಂತ.’

ಮುದುಕಿ ನಕ್ಕಳು. ಹೇಳಿದಳು:
ಆನೆ ಬಂದರೂ ಜೀಪು ಬಂದರೂ
ನಾವು ಮೊದಲು ದೀಪ ಆರಿಸೋದು.
ಆನೆ ಹೆಸರು ಕೇಳೋದಿಲ್ಲ.

ಐದು ಚೌಕಗಳ ಮೇಲೆ ಪೆನ್ನು ಅಲೆಯಿತು.
ಉತ್ತರ ಸಿಗದಿದ್ದರೆ
ತೊಂಬತ್ತೊಂಬತ್ತು ಎಂದು ತುಂಬಬೇಕು, ಅದು ನಿಯಮ.
ಉತ್ತರ ಸಿಕ್ಕಿತ್ತು,
ತೊಂಬತ್ತೊಂಬತ್ತು ಎಂದೇ ತುಂಬಿದೆ.

ಬಸ್‌ಸ್ಟ್ಯಾಂಡಿನಲ್ಲಿ ಅದೇ ಪೇದೆ ಸಿಕ್ಕ.
ಸಂಗಪ್ಪ, ಇಂಡಿ ತಾಲೂಕು,
ಇಲ್ಲಿಗೆ ಬಂದು ಏಳು ವರ್ಷ.
ಕೊಡವ ತಕ್ಕು ತಿಳಿಯುತ್ತದೆ, ಆಡಲು ನಾಚಿಕೆ;
ಮಲಯಾಳದಲ್ಲಿ ಬೈಗುಳಷ್ಟೇ ಬರುತ್ತದೆ.
‘ಎಲ್ಲಾರ್ನೂ ಕೇಳಿದ್ರಿ, ನನ್ನ ಕೇಳಲಿಲ್ಲಲ್ರೀ ಮೇಡಂ.’

ನನ್ನ ಕಡತದಲ್ಲಿ ಅವನಿಗೆ ಹಾಳೆ ಇರಲಿಲ್ಲ.
ಆದರೂ ತಿರುಗಿಸಿ ಕೇಳಿದೆ:
ಜನ ನಿಮ್ಮನ್ನ ನಂಬ್ತಾರಾ?

ಟೋಪಿ ತೆಗೆದ. ಒಳಗಿನ ಬೆವರಿನ ಗೆರೆ
ಉಗುರಿನಲ್ಲಿ ಕೆರೆದ.
ಕುಶಾಲನಗರದ ಬಸ್ಸು ಬಂದು, ತುಂಬಿ, ಹೋಯಿತು.

‘ಚಾ ಕೊಡ್ತಾರ್ರೀ,
ಯಾರ ಮನಿಗೆ ಹೋದ್ರೂ ಕೊಡ್ತಾರ.
ಕುಂದರು ಅನ್ನಂಗಿಲ್ಲ.’

ಚೀಟಿಯ ಹಿಂಬದಿಗೆ ಬರೆದುಕೊಂಡೆ.
ಇದೂ ಯಾವ ಕಾಲಮ್ಮಿಗೂ ಹೋಗುವುದಿಲ್ಲ.