ಅಕ್ಷರಕ್ಕೆ ಎರಡು ರೂಪಾಯಿ

ಹಳೇ ಬಸ್ ಸ್ಟ್ಯಾಂಡಿನ ಹಿಂದೆ, ಕಟ್ಟಿನಕೆರೆ ಮಾರ್ಕೆಟ್ಟಿಗೆ ನುಗ್ಗುವ ಸಂದಿಯಲ್ಲಿ
ಅಪ್ಪನ ಅಂಗಡಿ. ಈಗ ನನ್ನದು.
ಹಾಸನದಲ್ಲಿ ಯಾರೇ ಗೆಲ್ಲಲಿ ಮೊದಲು ನನಗೆ ಗೊತ್ತು,
ಕೆಲವು ಸಲ ಅವರು ಗೆಲ್ಲುವ ಮುಂಚೆಯೇ.

ಕಬಡ್ಡಿಗೆ ಮೂರಡಿ ಕಪ್ಪು, ರಂಗೋಲಿಗೆ ಗೇಣುದ್ದದ್ದು,
ಭಾವಗೀತೆಗೆ ಪ್ಲಾಸ್ಟಿಕ್ ವೀಣೆ.
ಎತ್ತಿನ ಗಾಡಿ ಓಟದವರು ಬಂದು
‘ಕಪ್ಪು ನಮಗೆ, ಎತ್ತಿಗೇನು?’ ಅಂತ ತಮ್ಮತಮ್ಮಲ್ಲೇ ಜಗಳವಾಡಿ
ಎರಡು ಗಂಟೆ ಕೊಂಡು ಹೋದರು.
ಅಕ್ಷರಕ್ಕೆ ಎರಡು ರೂಪಾಯಿ.
ಉದ್ದ ಹೆಸರಿನವರು ಗೆದ್ದರೆ ನನಗೆ ಲಾಭ.

ಪಂಚಾಯ್ತಿ ಎಣಿಕೆಯ ಹಿಂದಿನ ಸಂಜೆ
ಒಂದೇ ವಾರ್ಡಿನ ಇಬ್ಬರೂ ಬಂದರು, ಒಬ್ಬರಿಗೊಬ್ಬರು ಕಾಣದ ಹಾಗೆ.
‘ವಿಜಯಶಾಲಿ ಅಂತ ಕೆತ್ತಿಡಿ.’
ಇಬ್ಬರಿಗೂ ಕೆತ್ತಿದೆ. ಸುಳ್ಳು ಅನ್ನಿಸಲಿಲ್ಲ.
ಮತ ಸಮ ಬಿತ್ತು. ಚೀಟಿ ಎತ್ತಿದ್ದು
ಯಾರದೋ ಮನೆಯ ಆರು ವರ್ಷದ ಹುಡುಗಿ, ಕಣ್ಣು ಮುಚ್ಚಿಕೊಂಡು.
ಸೋತವನು ಬಂದು ಬಾಕಿ ಪೂರಾ ಕೊಟ್ಟ:
‘ತಗಡು ಇಲ್ಲೇ ಇರಲಿ. ಐದು ವರ್ಷಕ್ಕೆ ಆಗುತ್ತೆ.’

ಅಪ್ಪ ಹೇಳುತ್ತಿದ್ದ: ಬೇಲೂರಲ್ಲಿ ನಮ್ಮವರು
ಮದನಿಕೆಯ ಕಾಲಡಿ ಹೆಸರು ಕೆತ್ತಿದ್ದು ಸಾಲದೆ
ಬೇರೆ ರೂವಾರಿಗಳ ಎದೆ ಸೀಳುವವ ಅಂತ
ಬಿರುದನ್ನೂ ಕೆತ್ತಿಕೊಂಡರು. ಕೂಲಿ ಯಾರು ಕೊಟ್ಟರೋ!
ಬಾಗಿಲ ಪಕ್ಕದಲ್ಲಿ ಹುಲಿ ಹೊಡೆಯುವ ಹುಡುಗ
ಹೊಡೆಯುತ್ತಲೇ ಇದ್ದಾನೆ.
ಹುಲಿ ಸತ್ತಿಲ್ಲ, ಇವನು ಕೈ ಇಳಿಸಿಲ್ಲ.

ಬೆಳಗೊಳದ ಬೆಟ್ಟದಲ್ಲಿ ಬಳ್ಳಿ ಸುತ್ತಿಸಿಕೊಂಡು ನಿಂತವನನ್ನು
ಊರೆಲ್ಲ ನೋಡಲು ಹೋಗುತ್ತದೆ.
ಅಪ್ಪನಿಗೆ ಅವನ ಅಣ್ಣನದೇ ಚಿಂತೆ.
ಆರು ಖಂಡ ಗೆದ್ದು, ಹೆಸರು ಬರೆಸಲು ಆ ಇನ್ನೊಂದು ಬೆಟ್ಟಕ್ಕೆ ಹೋದರೆ
ಉಗುರೂರುವಷ್ಟು ಜಾಗವಿಲ್ಲ,
ಹಿಂದೆ ಗೆದ್ದವರೇ ತುಂಬಿದ್ದಾರೆ.
ಯಾರದೋ ಒಂದು ಅಳಿಸಿ ತನ್ನದು ಬರೆಸಿದ.
‘ಉಜ್ಜಿದ್ದು ರಾಜನೇನೇ?’ ಅಪ್ಪ ಕೇಳುತ್ತಿದ್ದ.
‘ಭುಜ ನೋವು ಬಂದದ್ದು ಯಾವನೋ ಆಚಾರಿಗೆ.’

ಮೊನ್ನೆ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು
ಸ್ಕೂಟರಿನ ಮುಂದೆ ಮಗುವಿನಂತೆ ನಿಲ್ಲಿಸಿಕೊಂಡು
ರೋಲಿಂಗ್ ಶೀಲ್ಡ್ ತಂದರು. ಸುತ್ತ ಪುಟ್ಟ ತಗಡುಗಳು, ಎಲ್ಲೂ ಸಂದಿಲ್ಲ.
‘ಪ್ರಮೀಳಕ್ಕ, ಹಳೇದೊಂದು ಕಿತ್ತು ಈ ವರ್ಷದ್ದು ಕೂರಿಸಿ.’
ಕಿತ್ತೆ.
ಸಾವಿರದ ಒಂಬೈನೂರ ಎಪ್ಪತ್ತೊಂದು. ಮೈಲಿ ಓಟ. ದೇವಯ್ಯ.
ಅಪ್ಪನ ಕೈ; ಯ-ಒತ್ತಿನ ಬಾಲ ನೋಡಿದರೇ ಗೊತ್ತು.
ಹಾರ್ಲಿಕ್ಸ್ ಬಾಟಲಿಗೆ ಹಾಕಿದೆ, ಹಿಂದೆ ಕಿತ್ತವರ ಜೊತೆ.
ಅಲ್ಲಾಡಿಸಿದರೆ
ಚಾಂಪಿಯನ್ನರೆಲ್ಲ ಒಟ್ಟಿಗೆ ಸದ್ದು ಮಾಡುತ್ತಾರೆ.

ಗುರುವಾರ ಮುದುಕರೊಬ್ಬರು ಬಂದರು.
ಮೊಮ್ಮಗಳು ಅದೇ ಸ್ಕೂಲಂತೆ, ಶೀಲ್ಡಿನಲ್ಲಿ ಹುಡುಕಿದಳಂತೆ.
ಬಾಟಲಿ ಬೋರಲು ಹಾಕಿದೆ.
ಅವರೇ ಆರಿಸಿಕೊಂಡರು, ಹೆಬ್ಬೆರಳಲ್ಲಿ ಒರೆಸಿದರು.

‘ನಾನು ದ್ಯಾವಯ್ಯ ಕಣವ್ವ. ಆಗಿನ ಮೇಷ್ಟ್ರು
ಸುದ್ದವಾಗಿರ್ಲಿ ಅಂತ ತಿದ್ದಿ ಬರ್ಸುದ್ರು.
ಹೇಳಕ್ಕೆ ಸಂಕೋಚ ಆಯ್ತು.
ಬರಿಗಾಲಲ್ಲಿ ಓಡಿದ್ದು ದ್ಯಾವಯ್ಯ,
ಗೆದ್ದಿದ್ದು ಇವ್ನು.’

ಈಗಲೇ ತಿದ್ದಿಕೊಡುತ್ತೇನೆ ಅಂದೆ.
ಮೆಶಿನ್ ಆರಿಸಿ ಅಪ್ಪನ ಉಳಿಯನ್ನೇ ಹೊರತೆಗೆದೆ,
ದುಡ್ಡು ಬೇಡ ಅಂದೆ.
ಅವರು ತಗಡನ್ನು ಬೆಳಕಿಗೆ ಹಿಡಿದು, ತಿರುಗಿಸಿ,
ಹಿಂಬದಿಯ ಹಸಿರು ಕಿಲುಬನ್ನೂ ನೋಡಿದರು.

‘ಬ್ಯಾಡ ಬುಡವ್ವ. ಐವತ್ತು ವರ್ಸ
ಒಬ್ನೇ ನಿಂತವ್ನೆ ಅಲ್ಲಿ.’
ಬಾಟಲಿಗೆ ತಾವೇ ಇಳಿಸಿ ಮುಚ್ಚಳ ತಿರುಗಿಸಿದರು.

ಆಲೂರು ಬಸ್ಸು ಹಾರ್ನ್ ಹೊಡೆಯಿತು.
ಪಂಚೆ ಎತ್ತಿ ಕಟ್ಟಿ ಓಡಿದರು,
ಸೊಪ್ಪಿನವರ ಬುಟ್ಟಿ ದಾಟಿ, ನಿಂತ ಆಟೋ ಬಳಸಿ,
ಮೊಣಕೈ ಪಕ್ಕೆಗೆ ಒತ್ತಿ, ಕತ್ತು ತುಸು ಮುಂದಕ್ಕೆ.
ತಿರುವಿನಾಚೆ ನನಗೆ ಕಾಣುವುದಿಲ್ಲ.